ಎರಡು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ದೊರೆತಿದೆ, ಯಾವುದನ್ನು ಆರಿಸಿಕೊಳ್ಳಲಿ?

ಪ್ರಶ್ನೆ:
ಮಾನ್ಯರೇ, ಎಂಜಿನಿಯರಿಂಗ್ ಪದವಿಗೆ ನನಗೆ ಎರಡು ಕಡೆ ಸೀಟು ಸಿಕ್ಕಿದೆ. ಮೊದಲನೆಯದು ಬಹಳ ಹೆಸರುವಾಸಿಯಾದ ವಿಶ್ವವಿದ್ಯಾಲಯ; ಆದರೆ ಅಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠಗಳಿದ್ದು, ವರ್ಷದ ಕೊನೆಯ ಅಂಕಗಳನ್ನು ನೋಡಿ ವಿಭಾಗ ಹಂಚುತ್ತಾರೆ. ಎರಡನೆಯದರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲವಾದರೂ ನಾನು ಬಯಸಿದ ಎಲೆಕ್ಟ್ರಿಕಲ್ ವಿಭಾಗ ಮೊದಲ ದಿನದಿಂದಲೇ ಖಚಿತ. ಮನೆಯವರು ಹೆಸರಿನ ಕಡೆ ವಾಲಿದ್ದಾರೆ. ಮುಂದೆ ಬೇರೆ ದೇಶದಲ್ಲಿ ಕೆಲಸ ಮಾಡುವ ಆಸೆಯೂ ನನಗಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1:
ಬೇರೆ ದೇಶದ ಆಸೆಯಿದ್ದರೆ ಮೊದಲು ಮಾನ್ಯತೆಯನ್ನು ಪರಿಶೀಲಿಸಿ. 1989ರಲ್ಲಿ ಆರು ದೇಶಗಳ ಸಂಸ್ಥೆಗಳು ಸೇರಿ ಮಾಡಿಕೊಂಡ ವಾಷಿಂಗ್ಟನ್ ಒಪ್ಪಂದದ ಪ್ರಕಾರ, ಒಂದು ಸದಸ್ಯ ದೇಶ ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವಿಯನ್ನು ಉಳಿದ ಸದಸ್ಯ ದೇಶಗಳು ಸಮಾನವೆಂದು ಒಪ್ಪುತ್ತವೆ. ಭಾರತ 2014ರಲ್ಲಿ ಪೂರ್ಣ ಸದಸ್ಯತ್ವ ಪಡೆಯಿತು. ಇಲ್ಲಿ ಮಾನ್ಯತೆ ಸಿಗುವುದು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದೊಂದು ಪದವಿಗೆ ಪ್ರತ್ಯೇಕವಾಗಿ. ಆದ್ದರಿಂದ ಒಂದೇ ಆವರಣದಲ್ಲಿ ಸಿವಿಲ್ ಪದವಿಗೆ ಅದು ಇದ್ದು ಎಲೆಕ್ಟ್ರಿಕಲ್‌ಗೆ ಇಲ್ಲದಿರಬಹುದು.

ಉತ್ತರ 2:
ನಾನು ಹಲವು ವರ್ಷ ಸರ್ಕಿಟ್ ಪ್ರಯೋಗಾಲಯದಲ್ಲಿ ಪಾಠ ಮಾಡಿದವನು. ನನ್ನ ಮಟ್ಟಿಗೆ ರ್‍ಯಾಂಕಿಂಗ್ ಪಟ್ಟಿಗಿಂತ ಒಂದು ಮೇಜಿನ ಸುತ್ತ ಎಷ್ಟು ವಿದ್ಯಾರ್ಥಿಗಳು ನಿಲ್ಲುತ್ತಾರೆ ಎಂಬುದು ಮುಖ್ಯ. ಆರು ಜನ ನಿಂತರೆ ಒಬ್ಬ ಆಸಿಲೋಸ್ಕೋಪಿನ (ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಉಪಕರಣ) ಗುಂಡಿ ತಿರುಗಿಸುತ್ತಾನೆ, ಒಬ್ಬಳು ಅಂಕಿ ಬರೆದುಕೊಳ್ಳುತ್ತಾಳೆ, ಉಳಿದವರು ಅವಳ ಪುಸ್ತಕವನ್ನು ನಕಲು ಮಾಡಿಕೊಳ್ಳುತ್ತಾರೆ. ಇಬ್ಬರೇ ಇದ್ದಲ್ಲಿ, ಪರದೆಯ ಮೇಲೆ ನಿಲ್ಲದೆ ಓಡುವ ಅಲೆಯನ್ನು ಟ್ರಿಗರ್ ಎಂಬ ನಿಯಂತ್ರಣವನ್ನು ಸರಿಪಡಿಸಿ ತಾವೇ ನಿಲ್ಲಿಸಬೇಕಾಗುತ್ತದೆ. ಹಾಗೆ ನಿಲ್ಲಿಸಿದ ವಿದ್ಯಾರ್ಥಿ ಅದನ್ನು ಮರೆತದ್ದನ್ನು ನಾನು ಕಂಡಿಲ್ಲ. ಸಾಧ್ಯವಾದರೆ ಪ್ರಯೋಗ ನಡೆಯುವ ದಿನವೇ ಎರಡೂ ಕಡೆ ಹೋಗಿ ನೋಡಿ. ಅಂತಿಮ ವರ್ಷದವರನ್ನು ಮಾತನಾಡಿಸಿ, ಪ್ರಾಜೆಕ್ಟ್‌ಗೆ ಮಾರ್ಗದರ್ಶಕರು ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆಂದು ಕೇಳಿ.

ಉತ್ತರ 3:
ಯಾವ ವಿಭಾಗವೆಂದು ಇನ್ನೂ ತೀರ್ಮಾನಿಸದವರಿಗೆ ಸಾಮಾನ್ಯ ಮೊದಲ ವರ್ಷ ನಿಜಕ್ಕೂ ಒಳ್ಳೆಯದು. ನೀವು ಆಗಲೇ ತೀರ್ಮಾನಿಸಿದ್ದೀರಿ. ಹಿಂದಿನ ವರ್ಷಗಳಲ್ಲಿ ಎಲೆಕ್ಟ್ರಿಕಲ್ ಬಯಸಿದವರು ಎಷ್ಟು, ಪಡೆದವರು ಎಷ್ಟು ಎಂಬುದನ್ನು ಪ್ರವೇಶ ವಿಭಾಗದಿಂದ ಬರಹದಲ್ಲಿ ತರಿಸಿಕೊಳ್ಳಿ. ಆ ಅಂಕಿಗಳನ್ನು ಮನೆಯವರ ಮುಂದಿಟ್ಟರೆ ಮಾತು ಸುಲಭವಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಪದವಿಗೆ ಮಾನ್ಯತೆ ಇದೆಯೆಂದು ಈಗಷ್ಟೇ ನೋಡಿ ತಿಳಿದೆ. ಪ್ರಯೋಗಾಲಯ ನೋಡಲು ತಂದೆಯವರನ್ನೂ ಕರೆದುಕೊಂಡು ಹೋಗುತ್ತೇನೆ.