ಆಯಿಲ್ ಟೆಂಪರೇಚರ್ ಏರುತ್ತೆ, ಪ್ರೆಶರ್ ಇಳಿಯುತ್ತೆ – ಸೆಂಡರ್ ಎರಡು ಸಲ ಬದಲಾಯಿಸಿ ಆಯ್ತು

ಬಾನಾಡಿ
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನನ್ನ ವಿಮಾನ ಹಾರುತ್ತಿರುವಾಗ ಎಂಜಿನ್ ಆಯಿಲ್ ಟೆಂಪರೇಚರ್ ಮುಳ್ಳು ಇದ್ದಕ್ಕಿದ್ದಂತೆ ಮೇಲೆ ಜಿಗಿಯುತ್ತದೆ. ಅದೇ ಹೊತ್ತಿಗೆ ಆಯಿಲ್ ಪ್ರೆಶರ್ ಬೀಳುತ್ತದೆ. ಎಂಜಿನ್ ಸದ್ದು ಒಂದಿಷ್ಟೂ ಬದಲಾಗುವುದಿಲ್ಲ. ಮೊದಲ ಸಲ ಹೀಗಾದಾಗ ಕೈಕಾಲು ತಣ್ಣಗಾಗಿ, ಪವರ್ ತಗ್ಗಿಸಿ ಹತ್ತಿರದ ರನ್‌ವೇಗೆ ಇಳಿಸಿಬಿಟ್ಟೆ. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಇದ್ದಷ್ಟೇ ಇದೆ. ಎರಡೂ ಸೆಂಡರ್ (ಎಂಜಿನ್‌ನಲ್ಲಿ ಕೂತು ಗೇಜಿಗೆ ಅಳತೆ ಕಳಿಸುವ ಸೆನ್ಸರ್) ಎರಡು ಸಲ ಹೊಸದು ಹಾಕಿದೆ. ಮತ್ತೆ ಅದೇ ಕಥೆ. ಇನ್ನೇನು ಬದಲಾಯಿಸಲಿ?

ಹಳೇಪಿಸ್ಟನ್
ಯಾವ ಎಂಜಿನ್, ಯಾವ ಗೇಜ್, ಬರೆದೇ ಇಲ್ಲವಲ್ಲ. ಇರಲಿ, ಒಂದೇ ತಂತಿಯ ಸೆಂಡರ್ ಆಗಿದ್ದರೆ ನನಗೆ ಉತ್ತರ ಗೊತ್ತು. ಥ್ರೆಡ್‌ಗೆ ಬಿಳಿ ಟೇಪ್ ಸುತ್ತಿದ್ದೀರಿ. ಆ ಸೆಂಡರ್‌ಗೆ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗುವುದು ಅದರ ಮೈಯಿಂದಲೇ. ಟೇಪ್ ಅಡ್ಡ ಬಂದರೆ ಅರ್ಥ್ ಹೋಯಿತು. ಬಿಚ್ಚಿ, ಉಜ್ಜಿ, ಟೇಪ್ ಇಲ್ಲದೆ ಹಾಕಿ.

ಬಾನಾಡಿ
ಲೈಕಮಿಂಗ್ ಓ-320. ನಾವೇ ಕಟ್ಟಿದ ಎರಡು ಸೀಟಿನ ವಿಮಾನ. ಟೇಪ್ ಹಾಕಿಲ್ಲ.

ಹಳೇಪಿಸ್ಟನ್
ಹಾಗಾದರೆ ಸೀಲಂಟ್ ಜಾಸ್ತಿ ಹಾಕಿರಬೇಕು. ಅದೂ ಟೇಪಿನ ಹಾಗೇ ಅಡ್ಡ ಬರುತ್ತದೆ. ಒಮ್ಮೆ ಬಿಚ್ಚಿ ನೋಡಿ.

ಕ್ರಿಂಪ್‌ಪ್ರಿಯ
ಸೆಂಡರ್ ಬಿಡಿ. ತಂತಿ ತುದಿಗಳಿಗೆ ಬೆಸುಗೆ ಹಾಕಿದ್ದೀರಾ? ಬೆಸುಗೆ ಎಳೆಗಳ ಒಳಗೆ ಹರಿದು ತಂತಿಯನ್ನು ಗಟ್ಟಿ ಮಾಡುತ್ತದೆ. ಅದು ನಿಂತ ಜಾಗದಲ್ಲೇ ಅದುರಾಟಕ್ಕೆ ತಂತಿ ಮುರಿಯುತ್ತದೆ. ತುದಿಯನ್ನು ಒತ್ತಿ ಕೂರಿಸುವ ಒಳ್ಳೆಯ ಕ್ರಿಂಪ್ ಹಾಕಿ.

ಹಳೇಪಿಸ್ಟನ್
ನಾನು ಹಾಕಿದ ಬೆಸುಗೆ ಒಂದೂ ಮುರಿದಿಲ್ಲ. ಬೆಸುಗೆಯ ಹಿಂದೆ ತಂತಿಗೆ ಸರಿಯಾದ ಆಸರೆ ಕೊಟ್ಟರೆ ಏನೂ ಆಗುವುದಿಲ್ಲ.

ಕ್ರಿಂಪ್‌ಪ್ರಿಯ
ಆಸರೆ ಕೊಡದವರೇ ಜಾಸ್ತಿ. ನಾನು ನೋಡಿದ ಮುರಿದ ತುದಿಗಳೆಲ್ಲ ಬೆಸುಗೆಯವೇ.

ತಂತಿಗಾರ
ಬೆಸುಗೆ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಬಾನಾಡಿ ಅವರೇ, ಮೂರು ಪ್ರಶ್ನೆ. ಜಿಗಿಯುವ ಹೊತ್ತಿಗೆ ನೀವು ಯಾವುದಾದರೂ ಸ್ವಿಚ್ ಒತ್ತಿದ್ದಿರಾ? ಇಜಿಟಿ (ಎಕ್ಸಾಸ್ಟ್ ಗ್ಯಾಸಿನ ಬಿಸಿ), ಸಿಎಚ್‌ಟಿ (ಸಿಲಿಂಡರ್ ಹೆಡ್ಡಿನ ಬಿಸಿ) ಗೇಜ್ ಕೂಡ ಕುಣಿಯುತ್ತವಾ? ಇದು ಶುರುವಾಗುವ ಮೊದಲು ಎಂಜಿನ್ ಸುತ್ತ ಏನು ಕೆಲಸ ಮಾಡಿದಿರಿ?

ಬಾನಾಡಿ
ಇಜಿಟಿ, ಸಿಎಚ್‌ಟಿ ಅಲುಗಾಡುವುದಿಲ್ಲ. ಸ್ವಿಚ್ ಬಗ್ಗೆ ಯೋಚಿಸಿರಲಿಲ್ಲ. ಇವತ್ತು ನೆಲದ ಮೇಲೆ ಓಡಿಸಿ ನೋಡಿದೆ. ಲ್ಯಾಂಡಿಂಗ್ ಲೈಟ್ ಹಾಕಿದ ತಕ್ಷಣ ಟೆಂಪರೇಚರ್ 80ರಿಂದ 95 ಡಿಗ್ರಿಗೆ ಜಿಗಿಯಿತು! ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್) ಹಾಕಿದರೆ ಇನ್ನೂ ಮೇಲೆ. ಪ್ರೆಶರ್ 75ರಿಂದ 60 ಪಿಎಸ್‌ಐಗೆ ಬಂತು. ಕೆಲಸ ಅಂದರೆ, ಕಳೆದ ತಿಂಗಳು ಎಂಜಿನ್ ಮೌಂಟಿನ ರಬ್ಬರ್‌ಗಳನ್ನು ಬದಲಾಯಿಸಿದ್ದೆವು. ಅದಕ್ಕೂ ಗೇಜ್‌ಗೂ ಸಂಬಂಧ ಇರಲಾರದು ಅಂತ ಹೇಳಲಿಲ್ಲ.

ತಂತಿಗಾರ
ಸಂಬಂಧ ಇದೆ, ಅದೇ ಮೂಲ ಅನಿಸುತ್ತದೆ. ಎಂಜಿನ್ ತಳದ ಸಂಪಿನಲ್ಲಿರುವ ಅಷ್ಟೊಂದು ಆಯಿಲ್ ಒಂದು ಕ್ಷಣದಲ್ಲಿ 15 ಡಿಗ್ರಿ ಬಿಸಿಯಾಗಲು ಸಾಧ್ಯವೇ ಇಲ್ಲ. ಬದಲಾಗುತ್ತಿರುವುದು ಆಯಿಲ್ ಅಲ್ಲ, ಅರ್ಥ್.

ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಎಂಜಿನ್‌ನಿಂದ ಫೈರ್‌ವಾಲ್‌ಗೆ (ಎಂಜಿನ್ ಹಿಂದಿನ ಗೋಡೆ) ಲೋಹದ ಎಳೆಗಳಿಂದ ಹೆಣೆದ ಒಂದು ಅರ್ಥ್ ಪಟ್ಟಿ ಇರುತ್ತದೆ. ರಬ್ಬರ್ ಬದಲಾಯಿಸುವಾಗ ಅದನ್ನು ಬಿಚ್ಚಿರುತ್ತೀರಿ. ಮತ್ತೆ ಹಾಕುವಾಗ ಕೆಳಗೆ ಬಣ್ಣವೋ ತುಕ್ಕೋ ಉಳಿದಿದ್ದರೆ ಅಲ್ಲಿ ವೋಲ್ಟೇಜ್ ಸೋರುತ್ತದೆ. ಆಲ್ಟರ್ನೇಟರ್ ಕೂಡ ಎಂಜಿನ್‌ಗೇ ಬೋಲ್ಟ್ ಆಗಿದೆ. ಅದು ಕೊಟ್ಟ ಕರೆಂಟೆಲ್ಲ ಲೈಟು, ಹೀಟರ್ ಸುತ್ತಿ ಆ ಪಟ್ಟಿಯ ಮೂಲಕವೇ ವಾಪಸ್ ಬರಬೇಕು. ಪಟ್ಟಿಯಲ್ಲಿ ಅಡ್ಡಿ ಇದ್ದರೆ ಎಂಜಿನ್ ಮೈ ವಿಮಾನದ ಮೈಗಿಂತ ಸ್ವಲ್ಪ ನೆಗೆಟಿವ್ ಆಗುತ್ತದೆ. ಗೇಜ್ ಅದನ್ನು ಸೆಂಡರಿನ ಪ್ರತಿರೋಧ ಇಳಿಯಿತು ಅಂತ ಓದುತ್ತದೆ. ಟೆಂಪರೇಚರ್ ಸೆಂಡರಿನಲ್ಲಿ ಬಿಸಿ ಏರಿದಂತೆ ಪ್ರತಿರೋಧ ಇಳಿಯುತ್ತದೆ. ಪ್ರೆಶರಿನದು ಸಾಮಾನ್ಯವಾಗಿ ತಿರುಗಾಮುರುಗಾ. ಅದಕ್ಕೇ ಒಂದು ಮೇಲೆ, ಇನ್ನೊಂದು ಕೆಳಗೆ. ಇದು ಥೇಟ್ ಆಯಿಲ್ ಖಾಲಿಯಾಗುತ್ತಿರುವ ಎಂಜಿನ್ ತೋರಿಸುವ ಲಕ್ಷಣ. ನೀವು ಹೆದರಿ ಇಳಿದದ್ದು ಸರಿಯಾದ ಕೆಲಸ.

ಇಜಿಟಿ, ಸಿಎಚ್‌ಟಿ ಥರ್ಮೋಕಪಲ್‌ಗಳು, ಅಂದರೆ ಬಿಸಿಗೆ ತಾವೇ ಸಣ್ಣ ವೋಲ್ಟೇಜ್ ಕೊಡುವ ಸೆನ್ಸರ್‌ಗಳು. ಎರಡು ತಂತಿ ನೇರ ಗೇಜಿಗೇ ಹೋಗುತ್ತವೆ, ಎಂಜಿನ್ ಅರ್ಥ್ ಬೇಕಿಲ್ಲ. ಅವು ಅಲುಗಾಡದೇ ಇರುವುದೂ ಇದನ್ನೇ ಹೇಳುತ್ತದೆ.

ನೆಲದ ಮೇಲೆ, ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಕೊಂಡೇ ಆಲ್ಟರ್ನೇಟರ್ ಆಫ್ ಮಾಡಿ. ಮುಳ್ಳುಗಳು ಸರಿಯಾದರೆ ಪಟ್ಟಿಯೇ ಕಾರಣ. ಆಮೇಲೆ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಕೇಸ್‌ಗೆ ಮೀಟರ್ ಹಾಕಿ, ಸ್ಟಾರ್ಟರ್ ತಿರುಗುವಾಗ ಓದಿ. ಎಂಜಿನ್ ಹೊತ್ತಿಕೊಳ್ಳದಂತೆ ಮ್ಯಾಗ್ನೆಟೊ (ಕಿಡಿ ಕೊಡುವುದು) ಆಫ್, ಮಿಕ್ಸ್ಚರ್ (ಇಂಧನದ ಹಿಡಿ) ಪೂರ್ತಿ ಹಿಂದೆ. ಮೀಟರ್ ತಂತಿಗಳನ್ನು ಕಾಕ್‌ಪಿಟ್ ಒಳಗೆ ತಂದುಕೊಳ್ಳಿ. ಪ್ರೊಪೆಲ್ಲರ್ ಹತ್ತಿರ ಯಾರೂ ಇರಬಾರದು.

ಗಾಜಿನಪ್ಯಾನೆಲ್
ಅದಕ್ಕೇ ನಾನು ಮುಳ್ಳಿನ ಗೇಜ್ ಎಲ್ಲ ತೆಗೆದುಹಾಕಿದೆ. ಈಗ ಒಂದೇ ಪರದೆ, ಆರೂ ಸಿಲಿಂಡರಿನ ಇಜಿಟಿ, ಸಿಎಚ್‌ಟಿ, ಫ್ಯೂಯಲ್ ಫ್ಲೋ ಎಲ್ಲ ಬರುತ್ತೆ. ಪ್ರತಿ ಸೆಂಡರಿಗೂ ಬೇರೆ ಅರ್ಥ್ ತಂತಿ ಎಳೆದಿದ್ದೇನೆ. ಹಾರಿದ ಮೇಲೆ ಡೇಟಾ ತೆಗೆದು ಗ್ರಾಫ್ ನೋಡುವ ಖುಷಿಯೇ ಬೇರೆ.

ಹಳೇಪಿಸ್ಟನ್
ಪಟ್ಟಿ ಇರಬಹುದು. ಆದರೂ ಸೀಲಂಟ್ ನೋಡುವುದು ಒಳ್ಳೆಯದು.

ಬಾನಾಡಿ
ಆಲ್ಟರ್ನೇಟರ್ ಆಫ್ ಮಾಡಿದೆ. ಎರಡೂ ಮುಳ್ಳು ತಮ್ಮ ಜಾಗಕ್ಕೆ ಬಂದವು. ಸ್ಟಾರ್ಟರ್ ತಿರುಗುವಾಗ ಮೀಟರ್ 1.1 ವೋಲ್ಟ್ ತೋರಿಸಿತು. ಪಟ್ಟಿ ಬಿಚ್ಚಿದರೆ ಫೈರ್‌ವಾಲ್ ಕಡೆಯ ಲಗ್ (ಪಟ್ಟಿಯ ತುದಿಯ ಬಿಲ್ಲೆ) ಪೂರ್ತಿ ಬಣ್ಣದ ಮೇಲೆ ಕೂತಿದೆ. ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಹಾಕಿದೆ. ಈಗ 0.15. ಲೈಟ್, ಪಿಟೋ ಹೀಟ್ ಎಲ್ಲ ಹಾಕಿದರೂ ಮುಳ್ಳು ಅಲುಗಾಡುತ್ತಿಲ್ಲ. ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ತಂತಿಗಾರ
ತುಂಬಾ ಖುಷಿಯಾಯಿತು. ಆದರೆ ಈಗಲೇ ಹಾರಬೇಡಿ. ಎರಡು ಕೆಲಸ ಬಾಕಿ ಇದೆ. ಮೊದಲನೆಯದು, ಮೆಕ್ಯಾನಿಕಲ್ ಗೇಜ್ ನೇರವಾಗಿ ಜೋಡಿಸಿ ನಿಜವಾದ ಆಯಿಲ್ ಪ್ರೆಶರ್ ನೋಡಿಕೊಳ್ಳಿ. ಎರಡನೆಯದು ಇದಕ್ಕಿಂತ ಮುಖ್ಯ. ಪಟ್ಟಿ ಕೆಟ್ಟಿದ್ದಷ್ಟು ದಿನವೂ ಸ್ಟಾರ್ಟರ್ ತಿರುಗಿದೆ ಅಲ್ವಾ? ಆ ಕರೆಂಟ್ ಬೇರೆ ದಾರಿ ಹುಡುಕಿಕೊಂಡಿರುತ್ತದೆ. ಸಾಮಾನ್ಯವಾಗಿ ಥ್ರಾಟಲ್ ಕೇಬಲ್, ಮಿಕ್ಸ್ಚರ್ ಕೇಬಲ್. ಒಳಗೆ ಸುಟ್ಟಿರಬಹುದು. ಎರಡನ್ನೂ ಎಳೆದು ನೋಡಿ.

ಬಾನಾಡಿ
ಓದಿದ ಕೂಡಲೇ ಹ್ಯಾಂಗರ್‌ಗೆ ಓಡಿದೆ. ಥ್ರಾಟಲ್ ಕೆಲವು ದಿನದಿಂದ ಬಿಗಿಯಾಗಿತ್ತು. ಚಳಿಗೆ ಇರಬೇಕು ಅಂದುಕೊಂಡಿದ್ದೆ. ಬಿಚ್ಚಿದರೆ ಎಂಜಿನ್ ಕಡೆಯ ತುದಿಯಲ್ಲಿ ಹೊರಕವಚ ಕರಗಿ ಒಳತಂತಿಗೆ ಅಂಟಿಕೊಂಡಿದೆ. ಕೈ ಇನ್ನೂ ನಡುಗುತ್ತಿದೆ. ಹೊಸ ಕೇಬಲ್ ಬರುವ ತನಕ ವಿಮಾನ ಹೊರಗೆ ಬರುವುದಿಲ್ಲ.

ಹೊಸರೆಕ್ಕೆ
ನನ್ನದೂ ಇದೇ ಥರ ಕುಣಿಯುತ್ತದೆ. ಆದರೆ ಆಲ್ಟರ್ನೇಟರ್ ಆಫ್ ಮಾಡಿದರೂ ನಿಲ್ಲುವುದಿಲ್ಲ, ರೇಡಿಯೊದಲ್ಲಿ ಮಾತಾಡುವಾಗ ಮಾತ್ರ ಬರುತ್ತದೆ. ಯಾರಾದರೂ ಹೇಳ್ತೀರಾ?