ಟೆಂಪ್ಲೇಟ್ ಫೈಲು ಜಿಪ್ ಮಾಡಿದರೂ ಗಾತ್ರ ಇಳಿಯುತ್ತಿಲ್ಲ, ಬೀಗ ಹೇಗೆ ಹಾಕಲಿ?

ಪ್ರಶ್ನೆ (ಗ್ರಾಫಿಕ್ ಡಿಸೈನರ್, ಹುಬ್ಬಳ್ಳಿ): ನಮಸ್ಕಾರ ರೀ ಮೇಡಂ. ಒಂದು ಕಂಪನಿಗೆ ಎಂಟು ಪವರ್‌ಪಾಯಿಂಟ್ ಟೆಂಪ್ಲೇಟ್ ಮಾಡೀನಿ. ಒಂದೊಂದು ಸುಮಾರು 14 ಎಂಬಿ, ಎಲ್ಲಾ ಕೂಡಿ 112. ಜಿಪ್ ಮಾಡಿದರ 109 ಬಂತು. ಮೇಲ್‌ನ್ಯಾಗ ಹೋಗಂಗಿಲ್ಲ. ಹೊಸಾ ಲೋಗೋ ಇನ್ನೂ ಬಿಡುಗಡೆ ಆಗಿಲ್ಲ, ಪಾಸ್‌ವರ್ಡ್ ಹಾಕಿ ಭದ್ರ ಮಾಡಿ ಕಳಸ್ರಿ ಅಂದಾರ. ಹೆಂಗ ಮಾಡಲಿ?

ಉತ್ತರ: ನಮಸ್ಕಾರ. ಜಿಪ್ ಮಾಡಿದರೂ ಇಳಿಯದ್ದು ನಿಮ್ಮ ತಪ್ಪಲ್ಲ. ಆಫೀಸ್ 2007ರಿಂದ ಈಚೆಗೆ ಬಂದ ಪಿಪಿಟಿಎಕ್ಸ್ (ಪವರ್‌ಪಾಯಿಂಟ್ ಪ್ರೆಸೆಂಟೇಶನ್), ಪಿಒಟಿಎಕ್ಸ್ (ಅದರ ಟೆಂಪ್ಲೇಟ್) ಫೈಲುಗಳೇ ಜಿಪ್ ಫೈಲುಗಳು. ಒಂದು ಪ್ರತಿ ಮಾಡಿಕೊಂಡು ಹೆಸರಿನ ಕೊನೆಯ ಪಿಒಟಿಎಕ್ಸ್ ತೆಗೆದು ಜಿಪ್ ಅಂತ ಬರೆದು ತೆರೆಯಿರಿ. ಒಳಗೆ ಫೋಲ್ಡರುಗಳು ಕಾಣುತ್ತವೆ. 'ಮೀಡಿಯಾ' ಅನ್ನುವ ಫೋಲ್ಡರಿನಲ್ಲಿ ನೀವು ಹಾಕಿದ ಚಿತ್ರಗಳೆಲ್ಲ ಇರುತ್ತವೆ, ತೂಕ ಇರುವುದು ಬಹುಪಾಲು ಅಲ್ಲೇ. ಜೆಪೆಗ್, ಪಿಎನ್‌ಜಿ ಮೊದಲೇ ಹಿಂಡಿಟ್ಟ ಚಿತ್ರಗಳು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು?

ಹಾಗಾಗಿ ಇಳಿಸುವ ಕೆಲಸ ಫೈಲಿನ ಒಳಗೇ ಆಗಬೇಕು. ಮೀಡಿಯಾ ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ, ಮೇಲಿನ ಮೂರ್ನಾಲ್ಕು ಚಿತ್ರಗಳೇ ಮುಕ್ಕಾಲು ಜಾಗ ತಿಂದಿರುತ್ತವೆ. ಅಗಲದ ಸ್ಲೈಡು 13.33 ಇಂಚು. 150 ಪಿಪಿಐ (ಇಂಚಿಗೆ 150 ಪಿಕ್ಸೆಲ್) ಇಟ್ಟರೆ ಅಡ್ಡಕ್ಕೆ 2000 ಪಿಕ್ಸೆಲ್ ಆಯಿತು, ಫುಲ್ ಎಚ್‌ಡಿ ಪ್ರೊಜೆಕ್ಟರಿಗೆ ಬೇಕಿರುವುದು 1920. ಮೊಬೈಲಿನಲ್ಲಿ ತೆಗೆದ 4000 ಪಿಕ್ಸೆಲ್ ಫೋಟೊ ಸ್ಲೈಡ್ ಮಾಸ್ಟರಿನಲ್ಲಿ (ಎಲ್ಲ ಸ್ಲೈಡಿಗೂ ಮಾದರಿಯಾಗಿರುವ ಪುಟದಲ್ಲಿ) ಕೂತಿದ್ದರೆ ಅದು ಸುಮ್ಮನೆ ಹೊರೆ. ಹಿನ್ನೆಲೆಯ ಫೋಟೊ ಪಿಎನ್‌ಜಿ ಆಗಿದ್ದರೆ ಜೆಪೆಗ್ ಮಾಡಿ. ಪಿಎನ್‌ಜಿ ಲೋಗೋಗೆ ಇರಲಿ. ಬಳಸದ ಲೇಔಟ್‌ಗಳನ್ನು ಮಾಸ್ಟರಿನಿಂದ ಅಳಿಸಿ. 'ಕಂಪ್ರೆಸ್ ಪಿಕ್ಚರ್ಸ್' ಒತ್ತಿದಾಗ, ಕತ್ತರಿಸಿದ ಭಾಗ ಅಳಿಸುವ ಗುರುತನ್ನು ತಪ್ಪದೆ ಹಾಕಿ. ಪವರ್‌ಪಾಯಿಂಟಿನಲ್ಲಿ ಕ್ರಾಪ್ ಮಾಡಿದ್ದು ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ, ಇಡೀ ಫೋಟೊ ಫೈಲಿನಲ್ಲೇ ಉಳಿದಿರುತ್ತದೆ. ಫೋಟೊದ ಅಂಚಿನಲ್ಲಿದ್ದ ಯಾರದೋ ಮುಖ, ಯಾವುದೋ ಬೋರ್ಡು ನಿಮ್ಮ ಗಿರಾಕಿಯ ಕೈಗೆ ಹೋಗುತ್ತದೆ.

ಇನ್ನು ಬೀಗ. 7-ಜಿಪ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಎಂಟೂ ಫೈಲು ಆಯ್ಕೆ ಮಾಡಿ, ಫಾರ್ಮ್ಯಾಟ್ ಜಾಗದಲ್ಲಿ ಜಿಪ್ ಬದಲು 7ಜೆಡ್ (7-ಜಿಪ್‌ನ ಸ್ವಂತ ಫಾರ್ಮ್ಯಾಟ್) ಇಡಿ, ಪಾಸ್‌ವರ್ಡ್ ಬರೆಯಿರಿ, ಫೈಲಿನ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡುವ (ಕೀಲಿ ಇಲ್ಲದವರಿಗೆ ಓದಲಾಗದಂತೆ ಮಾಡುವ) ಚೌಕಕ್ಕೆ ಗುರುತು ಹಾಕಿ. ಜಿಪ್‌ನಲ್ಲಿ ಪಾಸ್‌ವರ್ಡ್ ಇದ್ದರೂ ಒಳಗಿನ ಹೆಸರುಗಳು ಎಲ್ಲರಿಗೂ ಕಾಣುತ್ತವೆ. ನಿಮ್ಮ ಫೈಲಿನ ಹೆಸರಲ್ಲೇ ಹೊಸ ಬ್ರ್ಯಾಂಡಿನ ಹೆಸರಿದ್ದರೆ ಗುಟ್ಟು ಅಲ್ಲಿಗೇ ರಟ್ಟಾಯಿತು.

7ಜೆಡ್‌ನಿಂದ ನಿಮಗೆ ಇನ್ನೊಂದು ಲಾಭವೂ ಇದೆ. ಎಂಟರಲ್ಲೂ ಒಂದೇ ಹಿನ್ನೆಲೆ ಚಿತ್ರ ಇದ್ದೀತು. ಜಿಪ್ ಪ್ರತಿ ಫೈಲನ್ನೂ ಬೇರೆ ಬೇರೆ ಹಿಂಡುತ್ತದೆ, 7ಜೆಡ್ ಎಲ್ಲವನ್ನೂ ಒಂದೇ ಸಾಲಾಗಿ ನೋಡಿ, ಮತ್ತೆ ಬಂದ ಚಿತ್ರವನ್ನು ಎರಡನೇ ಸಲ ತುಂಬುವುದಿಲ್ಲ. ಡಿಕ್ಷನರಿ ಗಾತ್ರ, ಅಂದರೆ ಹಿಂದೆ ಕಂಡದ್ದನ್ನು ಅದು ನೆನಪಿಟ್ಟುಕೊಳ್ಳುವ ಜಾಗ, 128 ಎಂಬಿ ಇಟ್ಟರೆ ನಿಮ್ಮ ಎಂಟೂ ಅದರೊಳಗೆ ಬರುತ್ತವೆ.

ಪ್ರಶ್ನೆ (ಕಚೇರಿ ಸಹಾಯಕ, ದಾವಣಗೆರೆ): ನಮ್ಮಲ್ಲಿ ಎಲ್ಲರೂ ಜಿಪ್ಪೇ ಕೇಳ್ತಾರೆ ಮೇಡಂ. ಜಿಪ್‌ಗೂ ಪಾಸ್‌ವರ್ಡ್ ಹಾಕಬಹುದಲ್ಲ?

ಉತ್ತರ: ಹಾಕಬಹುದು, ಆದರೆ ಎನ್‌ಕ್ರಿಪ್ಷನ್ ವಿಧಾನದ ಜಾಗ ನೋಡಿ. 7-ಜಿಪ್‌ನಲ್ಲಿ ಜಿಪ್ ಆಯ್ದರೆ ಅದು ತಾನಾಗಿ 'ಜಿಪ್‌ಕ್ರಿಪ್ಟೊ' ಇಡುತ್ತದೆ. ಅದು ಹಳೆಯ, ದುರ್ಬಲ ಬೀಗ. ಒಳಗಿನ ಒಂದಷ್ಟು ಬೈಟ್ ಮೊದಲೇ ಗೊತ್ತಿದ್ದರೆ ಪಾಸ್‌ವರ್ಡ್ ಊಹಿಸದೆಯೇ ಅದನ್ನು ಒಡೆಯಬಹುದು ಎಂದು ಗುಪ್ತಲಿಪಿ ತಜ್ಞರಾದ ಎಲಿ ಬಿಹಾಮ್ ಮತ್ತು ಪಾಲ್ ಕೋಚರ್ 1994ರಲ್ಲೇ ತೋರಿಸಿಕೊಟ್ಟಿದ್ದಾರೆ. ಪವರ್‌ಪಾಯಿಂಟ್ ಉಳಿಸಿದ ಫೈಲುಗಳ ಮೊದಲ ಬೈಟುಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಈ ಅಪಾಯ ನಮಗೆ ಹತ್ತಿರದ್ದು. ಅದರ ಬದಲು ಎಇಎಸ್-256 ಅನ್ನುವ ಗಟ್ಟಿ ಬೀಗ ಆರಿಸಿ. ಅದನ್ನು ವಿಂಡೋಸ್ 10ರಲ್ಲಿ ಬರೀ ಡಬಲ್ ಕ್ಲಿಕ್ ಮಾಡಿ ತೆರೆಯಲಾಗದು, ಆ ಕಡೆಯವರಿಗೂ 7-ಜಿಪ್ ಬೇಕು. ಆಂಡ್ರಾಯ್ಡ್ ಮೊಬೈಲಿನಲ್ಲಾದರೆ ಜೆಡ್‌ಆರ್ಕೈವರ್ ಆ್ಯಪ್ ಸಾಕು. ಹೇಗೂ ಒಂದು ಸಾಫ್ಟ್‌ವೇರ್ ಹಾಕಿಸುವುದೇ ಆದರೆ 7ಜೆಡ್ಡೇ ಕೊಡಿ ಅನ್ನುವುದು ನನ್ನ ಮಾತು.

ಪಾಸ್‌ವರ್ಡ್ ಕನ್ನಡ ಲಿಪಿಯಲ್ಲಿ ಬೇಡ. ಒಂದು ಸಾಫ್ಟ್‌ವೇರ್ ಒಂದು ಎನ್‌ಕೋಡಿಂಗಿನಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ), ಇನ್ನೊಂದು ಇನ್ನೊಂದರಲ್ಲಿ ಓದಿದರೆ ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ. ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ, ಫೋನಿನಲ್ಲಿ ಹೇಳಲೂ ಸುಲಭ. ಹೌದು, ಫೋನಿನಲ್ಲೇ ಹೇಳಿ. ಫೈಲು ಹೋದ ಮೇಲ್‌ನಲ್ಲೇ ಕೆಳಗೆ ಪಾಸ್‌ವರ್ಡ್ ಬರೆಯುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, ಬೇಸರವಾಗುತ್ತದೆ.

ಪ್ರಶ್ನೆ (ಶಿಕ್ಷಕಿ, ಶಿವಮೊಗ್ಗ): ಪಾಸ್‌ವರ್ಡ್ ಮರೆತರೆ ತೆಗೆಯೋಕೆ ದಾರಿ ಇದೆಯಾ? ಇನ್ನೊಂದು, ನಾನು ಕಳಿಸಿದ ಟೆಂಪ್ಲೇಟ್ ಬೇರೆಯವರ ಕಂಪ್ಯೂಟರಲ್ಲಿ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ತೋರಿಸುತ್ತೆ.

ಉತ್ತರ: ದಾರಿ ಇಲ್ಲ ಮೇಡಂ. ಮೂಲ ಫೈಲು ಅಳಿಸಬೇಡಿ, ಕಳಿಸುವ ಮೊದಲು 7-ಜಿಪ್‌ನ 'ಟೆಸ್ಟ್' ಒತ್ತಿ ಪಾಸ್‌ವರ್ಡ್ ಒಮ್ಮೆ ಪರೀಕ್ಷಿಸಿ.

ಅಕ್ಷರ ಕೆಟ್ಟಿದ್ದು ಹಿಂಡಿದ್ದರಿಂದ ಅಲ್ಲ. ನೀವು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್ ಬಳಸಿರಬೇಕು. ಆ ಫಾಂಟ್ ಇಲ್ಲದ ಕಡೆ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಪಠ್ಯವನ್ನು ಯೂನಿಕೋಡಿಗೆ ಬದಲಿಸಿ ನಿರ್ಮಲಾ ಯುಐ ಫಾಂಟ್ ಇಡಿ, ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ. ಬೇರೆ ಫಾಂಟೇ ಬೇಕಾದರೆ ಫೈಲಿನೊಳಗೆ ಎಂಬೆಡ್ ಮಾಡಿ, ಆಗ 'ಎಲ್ಲ ಅಕ್ಷರಗಳು' ಅನ್ನುವುದನ್ನೇ ಆರಿಸಿ. ಟೆಂಪ್ಲೇಟಿನಲ್ಲಿ ಮುಂದೆ ಯಾರು ಏನು ಬರೆಯುತ್ತಾರೋ.

ಹುಬ್ಬಳ್ಳಿ: ಮೇಡಂ, ನೀವು ಹೇಳಿದಂಗ ಮಾಡಿದೆ. 112 ಇದ್ದದ್ದು 11 ಎಂಬಿಗೆ ಬಂತು! ಆದರ 'ಎಂಬೆಡಿಂಗ್ಸ್' ಅಂತ ಒಂದು ಫೋಲ್ಡರ್ ಸಿಕ್ತು, ಅದರಾಗ ಎಕ್ಸೆಲ್ ಶೀಟ್ ಐತಿ. ತೆರೆದು ನೋಡಿದರ ನನ್ನ ಹಿಂದಿನ ಗಿರಾಕಿದು ದರಪಟ್ಟಿ. ಮಾದರಿ ಚಾರ್ಟ್ ಒಂದು ಹಳೇ ಫೈಲಿಂದ ಕಾಪಿ ಮಾಡಿದ್ದೆ.

ಉತ್ತರ: ಒಳಗೆ ಇಣುಕಿ ನೋಡಿದ್ದು ಬಹಳ ಒಳ್ಳೆಯದಾಯಿತು. ಎಕ್ಸೆಲ್‌ನಿಂದ ಚಾರ್ಟ್ ಎಂಬೆಡ್ ಮಾಡಿ ಅಂಟಿಸಿದರೆ ಆ ವರ್ಕ್‌ಬುಕ್ಕಿನ ಎಲ್ಲ ಶೀಟುಗಳೂ ಜೊತೆಗೆ ಬರುತ್ತವೆ. ಎಇಎಸ್ ಬೀಗ ದಾರಿಯಲ್ಲಿ ಕದಿಯುವವರಿಗೆ ಮಾತ್ರ ಅಡ್ಡ, ಕೀಲಿ ಇರುವ ಗಿರಾಕಿಗೆ ಅದು ತೆರೆದ ಬಾಗಿಲು. ಆ ಚಾರ್ಟ್ ಅಳಿಸಿ, ಪವರ್‌ಪಾಯಿಂಟಿನಲ್ಲೇ ಹೊಸದು ಸೇರಿಸಿ ಸುಳ್ಳು ಅಂಕಿ ತುಂಬಿ. ಆಮೇಲೆ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಓಡಿಸಿ, ಅದು ತೋರಿಸಿದ್ದಕ್ಕೆ 'ರಿಮೂವ್ ಆಲ್' ಒತ್ತಿ, ನಿಮ್ಮ ಹೆಸರು, ಟಿಪ್ಪಣಿ ಎಲ್ಲ ಹೋಗುತ್ತವೆ. ಮತ್ತೆ 7ಜೆಡ್ ಮಾಡಿ, ಹಳೆಯದನ್ನು ಅಳಿಸಿ. ಆ ಚಾರ್ಟ್ ಇರುವ ಟೆಂಪ್ಲೇಟ್ ಈ ಮೊದಲು ಬೇರೆ ಯಾರಿಗಾದರೂ ಹೋಗಿದ್ದರೆ, ಹಿಂದಿನ ಗಿರಾಕಿಗೆ ಇವತ್ತೇ ಫೋನ್ ಮಾಡಿ ನೀವೇ ಹೇಳಿಬಿಡಿ.