‘ಹೆಪ್ಪುಗಟ್ಟಿದ’ ಪಾನೀಯ ಎನ್ನಬಹುದೇ? ಪದರ ಪದರದ ಹಣ್ಣಿನ ಕಾಕ್‌ಟೇಲಿಗೆ ಬೇಕಾದ ಕೆಲವು ಪದಗಳು

ಮಾನ್ಯರೇ,

ಮಾವು, ಅನಾನಸ್, ಗಟ್ಟಿ ಕಾಯಿಹಾಲು ಮತ್ತು ಕೆಂಪು ತಿರುಳಿನ ಸೀಬೆಹಣ್ಣುಗಳನ್ನು ಬೇರೆ ಬೇರೆಯಾಗಿ ಐಸಿನ ಹದಕ್ಕೆ ತಂದು, ಎತ್ತರದ ಗಾಜಿನ ಲೋಟದಲ್ಲಿ ಒಂದರ ಮೇಲೊಂದು ನಿಲ್ಲಿಸಿ ಮಾಡುವ ಕಾಕ್‌ಟೇಲಿನ ವಿಧಾನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಿಕ್ಸಿ ಮತ್ತು ಫ್ರೀಜರ್ ಇರುವ ಯಾರೇ ಆಗಲಿ, ಓದಿಕೊಂಡು ಮನೆಯಲ್ಲೇ ಮಾಡುವಂತಿರಬೇಕೆಂಬುದು ನನ್ನ ಉದ್ದೇಶ. ಸಾಮಗ್ರಿಗಳ ಪಟ್ಟಿ ಬರೆಯುವಾಗ ಯಾವ ತೊಡಕೂ ಬರಲಿಲ್ಲ. ತೊಡಕು ಇರುವುದೆಲ್ಲ ಕ್ರಿಯಾಪದಗಳಲ್ಲಿ. ಅದರಲ್ಲಿಯೂ ‘ಹೆಪ್ಪುಗಟ್ಟು’ ಎಂಬ ಒಂದು ಪದದಲ್ಲಿ. ಈ ಬಗೆಯ ಬರಹಗಳಲ್ಲಿ ‘ಫ್ರೋಜನ್’ ಎಂಬುದಕ್ಕೆ ಪ್ರತಿಯಾಗಿ ‘ಹೆಪ್ಪುಗಟ್ಟಿದ’ ಎಂಬ ಪದವೇ ಸಾಮಾನ್ಯವಾಗಿ ಬಳಕೆಯಾಗುತ್ತಿದೆ. ಅದು ಇಲ್ಲಿ ಸಲ್ಲದು ಎಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳಿ, ಅದರ ಬದಲಿಗೆ ನಾನು ಯೋಚಿಸಿರುವ ಪದವನ್ನು ತಮ್ಮ ಮುಂದಿಡುತ್ತೇನೆ.

‘ಹೆಪ್ಪು’ ಎಂದೊಡನೆ ನಮಗೆ ಹೊಳೆಯುವುದು ಹಾಲಿಗೆ ಹಾಕುವ ಹೆಪ್ಪು. ಹಾಲು ಮೊಸರಾಗುವುದು, ರಕ್ತ ಗಟ್ಟಿಯಾಗುವುದು, ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಿಳುಪಾಗಿ ಕೂರುವುದು, ನೀರು ಮಂಜುಗಡ್ಡೆಯಾಗುವುದು, ಇವೆಲ್ಲಕ್ಕೂ ನಾವು ಹೆಪ್ಪುಗಟ್ಟುವುದೆಂದೇ ಹೇಳುತ್ತೇವೆ. ಬೇರೆ ಬೇರೆ ಸಂದರ್ಭಗಳಲ್ಲಿ ಇದರಿಂದ ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ರಕ್ತದ ಮಾತು ಬಂದಲ್ಲಿ ಮೊಸರು ಯಾರ ನೆನಪಿಗೂ ಬರುವುದಿಲ್ಲ. ಆದರೆ ನಾನು ಬರೆಯುತ್ತಿರುವ ಪಾನೀಯದ ವಿಶೇಷವೆಂದರೆ, ಈ ಕ್ರಿಯೆಗಳಲ್ಲಿ ಹಲವು ಒಂದೇ ಲೋಟದೊಳಗೆ, ಒಂದೇ ಹೊತ್ತಿನಲ್ಲಿ ನಡೆಯಬಹುದು. ಅವುಗಳಲ್ಲಿ ಒಂದು ನಮಗೆ ಬೇಕಾದದ್ದು, ಉಳಿದವು ಕೆಲವೊಮ್ಮೆ ಬೇಡವಾದವು.

ಮೊದಲನೆಯದಾಗಿ ಅನಾನಸ್ಸನ್ನು ತೆಗೆದುಕೊಳ್ಳೋಣ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಅನಾನಸ್ ರುಬ್ಬಿದ್ದಕ್ಕೆ ದನದ ಹಾಲನ್ನೋ ಹಾಲಿನ ಕೆನೆಯನ್ನೋ ಬೆರೆಸಿ ಸ್ವಲ್ಪ ಹೊತ್ತು ಇಟ್ಟರೆ ಹಾಲು ಒಡೆಯುತ್ತದೆ, ಕಹಿಯೂ ಆಗುತ್ತದೆ. ಫ್ರೀಜರಿನ ಚಳಿ ಈ ಕಿಣ್ವವನ್ನು ನಾಶಮಾಡುವುದಿಲ್ಲ, ಕೆಲಸವನ್ನು ನಿಧಾನಗೊಳಿಸುತ್ತದೆ ಅಷ್ಟೇ; ಕಾಯಿಸಿದರೆ ಮಾತ್ರ ಅದು ನಿಷ್ಕ್ರಿಯವಾಗುತ್ತದೆ. ಆದ್ದರಿಂದಲೇ ಡಬ್ಬಿಯ ಅನಾನಸ್ಸಿಗೆ ಈ ತೊಂದರೆಯಿಲ್ಲ. ಹೀಗಿರುವಾಗ ‘ಅನಾನಸ್ ಮತ್ತು ಹಾಲಿನ ಮಿಶ್ರಣವನ್ನು ಹೆಪ್ಪುಗಟ್ಟಲು ಬಿಡಿ’ ಎಂದು ಬರೆದರೆ, ಓದುಗರು ಒಡೆದ ಹಾಲನ್ನು ನೋಡಿ ವಿಧಾನ ಸರಿಯಾಗಿ ನಡೆಯಿತೆಂದೇ ತಿಳಿದಾರು. ಒಡೆಯುವುದಕ್ಕೆ ‘ಒಡೆ’ ಎಂಬ ಸ್ಪಷ್ಟವಾದ ಪದ ನಮ್ಮಲ್ಲಿದೆ ಎಂಬುದು ನಿಜ. ಆದರೆ ಹೊಸದಾಗಿ ಮಾಡುವವರಿಗೆ ಒಡೆದದ್ದು ಯಾವುದು, ಹೆಪ್ಪುಗಟ್ಟಿದ್ದು ಯಾವುದು ಎಂದು ಲೋಟದ ಹೊರಗಿನಿಂದ ಗೊತ್ತಾಗುವುದಿಲ್ಲ.

ಎರಡನೆಯದು ಜೆಲಟಿನ್. ಪದರಗಳು ಒಂದರೊಳಗೊಂದು ಇಳಿಯದಿರಲೆಂದು ಕೆಲವರು ನಡುವಿನ ಪದರಕ್ಕೆ ಜೆಲಟಿನ್ ಸೇರಿಸುತ್ತಾರೆ. ಅದು ಕೂರುವುದನ್ನೂ ಹೆಪ್ಪುಗಟ್ಟುವುದೆಂದೇ ಬರೆಯುತ್ತೇವೆ. ಜೆಲಟಿನ್ ಕೂಡ ಪ್ರೋಟೀನೇ ಆದ್ದರಿಂದ ಹಸಿ ಅನಾನಸ್ಸಿನ ಜೊತೆಗೆ ಅದು ಕೂರುವುದೇ ಇಲ್ಲ. ಪಪ್ಪಾಯಿಯಲ್ಲಿರುವ ಪಪೈನ್ ಮತ್ತು ಕಿವಿ ಹಣ್ಣಿನಲ್ಲಿರುವ ಕಿಣ್ವವೂ ಅದನ್ನು ಹೀಗೆಯೇ ಕೆಡಿಸುತ್ತವೆ. ಕಡಲಪಾಚಿಯಿಂದ ತೆಗೆಯುವ ಅಗರ್ ಅಗರ್ ಪ್ರೋಟೀನಲ್ಲ, ಶರ್ಕರದ ಜಾತಿಯದು. ಅದಕ್ಕೆ ಈ ಕಿಣ್ವಗಳ ಕಾಟವಿಲ್ಲ. ಮೂರನೆಯದು ಕಾಯಿಹಾಲಿನ ಜಿಡ್ಡು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಾಗಾಗಿ ಗಟ್ಟಿ ಕಾಯಿಹಾಲನ್ನು ಫ್ರಿಜ್ಜಿನಲ್ಲಿಟ್ಟು ತೆಗೆದು, ಕಲಕದೆ ಹಾಗೆಯೇ ಮಿಕ್ಸಿಗೆ ಹಾಕಿದರೆ ನಾಲಿಗೆಗೆ ಮೇಣದ ತರಿಯಂಥ ಜಿಡ್ಡು ಸಿಗುತ್ತದೆ. ಅದೂ ಆಡುಮಾತಿನಲ್ಲಿ ಹೆಪ್ಪುಗಟ್ಟಿದ್ದೇ. ಐಸಿನ ಹರಳಾದರೆ ಬಾಯಿಯಲ್ಲಿ ಕರಗಿ ನೀರಾಗುತ್ತದೆ, ಈ ಜಿಡ್ಡು ಅಂಗುಳಿಗೆ ಅಂಟಿಕೊಳ್ಳುತ್ತದೆ.

ನಾಲ್ಕು ಕ್ರಿಯೆಗಳಿಗೆ ಒಂದೇ ಪದವಾದರೆ, ಮಾಡುವವರಿಗೆ ಸೂಚನೆ ಕೊಟ್ಟಂತಾಗುವುದಿಲ್ಲ. ಇಷ್ಟರಿಂದಲೇ ಆ ಪದವನ್ನು ಕೈಬಿಡಬೇಕೆಂದು ನನಗೆ ತೋರಿದರೂ ಇನ್ನೂ ದೊಡ್ಡದೊಂದು ಕಾರಣವಿದೆ. ಈ ಪಾನೀಯ ನಿಜವಾಗಿ ಗಟ್ಟಿಯಾಗುವುದೇ ಇಲ್ಲ. ಹಣ್ಣಿನ ರಸವನ್ನು ತಣ್ಣಗಾಗಿಸುತ್ತ ಹೋದಂತೆ ಅದರಲ್ಲಿರುವ ನೀರು ಮಾತ್ರ ಹರಳಾಗಿ ಬೇರ್ಪಡುತ್ತದೆ. ಸಕ್ಕರೆ ಮತ್ತು ಹುಳಿ ಉಳಿದ ನೀರಿನಲ್ಲಿ ಒತ್ತಾಗುತ್ತ ಹೋಗುತ್ತವೆ. ಆ ಪಾಕ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೆ ಹೋದರೂ ದ್ರವವಾಗಿಯೇ ಇರುತ್ತದೆ. ಮದ್ಯ ಸೇರಿಸಿದರಂತೂ ಇನ್ನೂ ಹೆಚ್ಚು: ನೂರಕ್ಕೆ 40ರಷ್ಟು ಆಲ್ಕೊಹಾಲ್ ಇರುವ ರಮ್ ಗಟ್ಟಿಯಾಗತೊಡಗಬೇಕಾದರೆ ಸುಮಾರು −27 ಡಿಗ್ರಿ ಬೇಕು, ಮನೆಯ ಫ್ರೀಜರ್ ಸಾಮಾನ್ಯವಾಗಿ −18ರಲ್ಲಿರುತ್ತದೆ. ಆದ್ದರಿಂದ ರಮ್ ಹೆಚ್ಚಾದ ಪದರವು ರಾತ್ರಿಯಿಡೀ ಫ್ರೀಜರಿನಲ್ಲಿದ್ದರೂ ಸಡಿಲವಾಗಿಯೇ ಉಳಿಯುತ್ತದೆ. ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ. ‘ಹೆಪ್ಪುಗಟ್ಟುವವರೆಗೆ ಇಡಿ’ ಎಂದು ಬರೆದವರು ಓದುಗರನ್ನು ಸುಮ್ಮನೆ ಕಾಯಿಸಿದಂತೆ.

ಗಟ್ಟಿಯಾಗಲು ಬಿಡುವುದಲ್ಲ, ಗಟ್ಟಿಯಾಗುತ್ತಿರುವಾಗ ಕಡೆಯುವುದು ಈ ಪಾನೀಯದ ಜೀವಾಳ. ಕಡೆದರೆ ಹರಳುಗಳು ಸಣ್ಣವಾಗಿರುತ್ತವೆ, ಬಿಟ್ಟರೆ ಬೆಳೆದು ಸೂಜಿಯಂತಾಗುತ್ತವೆ. 1971ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಮರಿಯಾನೊ ಮಾರ್ಟಿನೆಜ್ ಎಂಬವರು ಐಸ್‌ಕ್ರೀಮ್ ಯಂತ್ರವೊಂದನ್ನು ಮಾರ್ಪಡಿಸಿ ಮಾರ್ಗರೀಟಾ ಪಾನೀಯವನ್ನು ನಿರಂತರವಾಗಿ ಕಡೆಯುವಂತೆ ಮಾಡಿದರು. ಆ ಯಂತ್ರ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಮಿಕ್ಸಿಯಲ್ಲಿ ಒಂದೊಂದು ಲೋಟಕ್ಕೂ ಬೇರೆ ಬೇರೆ ಹದ ಬರುತ್ತಿದ್ದ ತೊಂದರೆಯನ್ನು ಅದು ನಿವಾರಿಸಿತು. ಮನೆಯಲ್ಲಿ ಅಂಥ ಯಂತ್ರವಿಲ್ಲದ್ದರಿಂದ ನಾವು ಹಿಂದುಮುಂದಾಗಿ ಮಾಡುತ್ತೇವೆ: ಹಣ್ಣಿನ ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಮೊದಲು ಕಲ್ಲಿನಂತಾಗಿಸಿ, ಆಮೇಲೆ ಸ್ವಲ್ಪ ರಸ ಹಾಕಿ ಮಿಕ್ಸಿಯಲ್ಲಿ ಒಡೆಯುತ್ತೇವೆ. ನೀರಿನ ಐಸ್ ಹಾಕದೆ ಹಣ್ಣನ್ನೇ ಐಸಾಗಿ ಬಳಸುವುದರಿಂದ ಕರಗಿದಾಗಲೂ ರುಚಿ ನೀರಾಗುವುದಿಲ್ಲ.

ಅಂದರೆ ನಮಗೆ ಎರಡು ಪದಗಳು ಬೇಕು. ಒಂದು, ಹೋಳು ಕಲ್ಲಿನಂತಾಗುವುದಕ್ಕೆ. ಇನ್ನೊಂದು, ಅದನ್ನು ಕಡೆದಾಗ ಬರುವ ನಡುವಿನ ಸ್ಥಿತಿಗೆ. ಮೊದಲನೆಯದಕ್ಕೆ ‘ಮಂಜುಗಟ್ಟು’ ಎಂಬುದು ಸಾಕೆನಿಸುತ್ತದೆ. ‘ಘನೀಕರಿಸು’ ಪಠ್ಯಪುಸ್ತಕದ್ದು, ‘ಮರಗಟ್ಟು’ ಚಳಿಗೆ ಸೋತ ಕೈಕಾಲುಗಳಿಗೆ ಮೀಸಲು. ಎರಡನೆಯದಕ್ಕೆ ‘ಅರೆಗಟ್ಟಿ’ ಎಂಬ ಪದವನ್ನು ಸೂಚಿಸುತ್ತೇನೆ. ಅರೆಬೆಂದ, ಅರೆನಿದ್ದೆ, ಅರೆತೆರೆದ ಎಂಬ ಸಾಲಿನಲ್ಲಿ ಇದು ಸಹಜವಾಗಿ ಕೂರುತ್ತದೆ. ‘ಅರೆ’ ಎಂದರೆ ರುಬ್ಬು ಎಂಬ ಅರ್ಥವೂ ಇರುವುದರಿಂದ, ರುಬ್ಬಿಯೇ ಬರಿಸುವ ಈ ಹದಕ್ಕೆ ಆ ಪದ ಇನ್ನಷ್ಟು ಒಗ್ಗುತ್ತದೆ. ಜೊತೆಗೆ ಗುರುತನ್ನೂ ಬರೆಯಬೇಕು: ಚಮಚದಲ್ಲಿ ಎತ್ತಿದರೆ ಗುಡ್ಡೆಯಾಗಿ ನಿಲ್ಲಬೇಕು, ಚಮಚವನ್ನು ಓರೆ ಮಾಡಿದರೆ ಒಂದು ಕ್ಷಣ ತಡೆದು ಜಾರಬೇಕು. ಕೂಡಲೇ ಜಾರಿದರೆ ಇನ್ನೂ ನಾಲ್ಕು ಮಂಜುಗಟ್ಟಿದ ಹೋಳು ಬೇಕು. ಜಾರದೇ ಹೋದರೆ ಒಂದು ಚಮಚ ರಸ.

ಇನ್ನು ಪದರದ ವಿಚಾರ. ‘ಸ್ತರ’ ಎಂಬುದು ಸಮಾಜದ ಮಾತಿಗೆ ಹೋಯಿತು, ‘ಪೊರೆ’ ತೀರ ತೆಳುವಾದದ್ದು. ‘ಪದರ’ವೇ ಸರಿ. ಆದರೆ ಹೊರಗಿನಿಂದ ನೋಡುವವರಿಗೆ ಕಾಣುವುದು ಪಟ್ಟೆ, ಮಾಡುವವರು ಹಾಕುವುದು ಪದರ. ವಿಧಾನದಲ್ಲಿ ಪದರವೆಂದೂ ಚಿತ್ರದ ಅಡಿಬರಹದಲ್ಲಿ ಪಟ್ಟೆಯೆಂದೂ ಬರೆದರೆ ಎರಡೂ ಚೆನ್ನಾಗಿ ಹೊಂದುತ್ತವೆ.

ಪದರಗಳು ಏಕೆ ನಿಲ್ಲುತ್ತವೆ ಎಂಬುದನ್ನು ಹೇಳುವಾಗ ‘ಸಾಂದ್ರತೆ’ ಎಂಬ ಪದ ಕೈಕೊಡುತ್ತದೆ. ಬರೀ ದ್ರವಗಳ ಪದರ ನಿಲ್ಲುವುದು ತೂಕದಿಂದ. ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ಕರಗಿಸಿದ ಪಾಕ ಲೀಟರಿಗೆ ಸುಮಾರು 1.23 ಕಿಲೋ ತೂಗುತ್ತದೆ, ನೂರಕ್ಕೆ 40ರ ರಮ್ ಸುಮಾರು 0.95 ಕಿಲೋ, ಆದ್ದರಿಂದ ಪಾಕ ತಳ ಸೇರುತ್ತದೆ, ರಮ್ ತೇಲುತ್ತದೆ. ಅರೆಗಟ್ಟಿಯಾದ ಪದರಗಳು ನಿಲ್ಲುವುದು ಮುಖ್ಯವಾಗಿ ಮಂದತನದಿಂದ. ಹರಳುಗಳು ಒಂದಕ್ಕೊಂದು ತಾಗಿ ತಡೆಯುವುದರಿಂದ, ಕೆಳಗಿನದು ಮೇಲಿನದಕ್ಕಿಂತ ಸ್ವಲ್ಪ ಹಗುರವಾಗಿದ್ದರೂ ಅಲುಗುವುದಿಲ್ಲ. ಎಣ್ಣೆ ನೀರಿಗಿಂತ ಮಂದ, ಆದರೆ ನೀರಿಗಿಂತ ಹಗುರ. ಹಾಗಿರುವಾಗ ಮಂದವನ್ನೂ ಭಾರವನ್ನೂ ಒಂದೇ ‘ಸಾಂದ್ರ’ದಲ್ಲಿ ತುಂಬುವುದು ಸರಿಯಲ್ಲ, ಅದೇ ಪದ ಒತ್ತಾಗಿಸಿದ ರಸಕ್ಕೂ ಬಳಕೆಯಲ್ಲಿದೆ. ‘ಭಾರವಾದದ್ದು ಕೆಳಗೆ’, ‘ಮಂದವಾದದ್ದು ನಿಲ್ಲುತ್ತದೆ’ ಎಂದು ಎರಡು ವಾಕ್ಯಗಳಲ್ಲಿಯೇ ಹೇಳುವುದು ಲೇಸು.

‘ಟ್ರಾಪಿಕಲ್’ ಎಂಬುದಕ್ಕೆ ಭೂಗೋಳದ ‘ಉಷ್ಣವಲಯದ’ ಎಂಬುದನ್ನು ನಾನು ಬಳಸುವುದಿಲ್ಲ. ಆಹಾರದ ಮಾತಿನಲ್ಲಿ ಉಷ್ಣವೆಂದರೆ ದೇಹಕ್ಕೆ ಉಷ್ಣ ಎಂದೇ ಓದಿಕೊಳ್ಳುವವರು ಹೆಚ್ಚು. ಹಣ್ಣುಗಳ ಹೆಸರನ್ನೇ ಹೇಳಿದರೆ ಸಾಕು. ಸೀಬೆ, ಪೇರಲ, ಚೇಪೆ ಮೂರೂ ಒಂದೇ ಹಣ್ಣಾದ್ದರಿಂದ ಮೊದಲ ಸಲ ಮೂರನ್ನೂ ಬರೆದು, ಮುಂದೆ ಒಂದನ್ನು ಉಳಿಸಿಕೊಳ್ಳುವುದು ಉಚಿತ.

‘ಕಾಕ್‌ಟೇಲ್’ ಇರಲಿ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಈ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಮದ್ಯ, ಸಕ್ಕರೆ, ನೀರು ಮತ್ತು ಕಹಿರಸಗಳಿದ್ದವು, ಹಣ್ಣಿನ ಹೆಸರಿಲ್ಲ. ಇಂದು ಅದು ಮದ್ಯದ ಪಾನೀಯಕ್ಕೂ, ಪಾಕದಲ್ಲಿ ಹಾಕಿದ ಹಣ್ಣಿನ ಹೋಳುಗಳಿಗೂ ಸಲ್ಲುವುದರಿಂದ, ಮದ್ಯವಿದೆಯೋ ಇಲ್ಲವೋ ಎಂಬುದನ್ನು ಮೊದಲ ಸಾಲಿನಲ್ಲೇ ಸ್ಪಷ್ಟಪಡಿಸಬೇಕು. ಪಾನೀಯಗಳ ಅಂಕಿತನಾಮಗಳನ್ನು ಅನುವಾದಿಸಬಾರದು. 1978ರಿಂದ ಪೋರ್ಟೊ ರಿಕೊದ ರಾಷ್ಟ್ರೀಯ ಪಾನೀಯವಾಗಿರುವ ಪಿನ್ಯಾ ಕೊಲಾಡ ಎಂಬ ಹೆಸರಿಗೆ ಸ್ಪ್ಯಾನಿಷಿನಲ್ಲಿ ‘ಸೋಸಿದ ಅನಾನಸ್’ ಎಂದಷ್ಟೇ ಅರ್ಥ. ಡೈಕಿರಿ ಕ್ಯೂಬಾದ ಸಾಂಟಿಯಾಗೊ ಬಳಿಯ ಒಂದು ಸ್ಥಳದ ಹೆಸರು. ಪಿನ್ಯಾ ಕೊಲಾಡ ಮತ್ತು ಸ್ಟ್ರಾಬೆರಿ ಡೈಕಿರಿಗಳನ್ನು ಪದರವಾಗಿ ಹಾಕಿದ ಮಯಾಮಿ ವೈಸ್ ಅನ್ನು ಕನ್ನಡಿಸಹೊರಟರೆ ಕೈಗೆ ಏನೂ ಸಿಗುವುದಿಲ್ಲ.

ಮೇಲಿನ ಪದಗಳನ್ನು ಬಳಸಿ ಬರೆದ ಕರಡಿನ ಮುಖ್ಯ ಭಾಗ ಹೀಗಿದೆ. ಮದ್ಯವಿಲ್ಲದ, ಎರಡು ಎತ್ತರದ ಲೋಟಗಳ ಅಳತೆ ಇದು.

‘ಸಿಪ್ಪೆ ತೆಗೆದ ಮಾವು, ಅನಾನಸ್ ಮತ್ತು ಬೀಜ ತೆಗೆದ ಕೆಂಪು ಸೀಬೆಯ ಹೋಳುಗಳನ್ನು ತಲಾ 200 ಗ್ರಾಂನಂತೆ ಬೇರೆ ಬೇರೆ ತಟ್ಟೆಗಳಲ್ಲಿ ಹರಡಿ, ಪೂರ್ತಿ ಮಂಜುಗಟ್ಟುವವರೆಗೆ ಫ್ರೀಜರಿನಲ್ಲಿಡಿ. ಲೋಟಗಳನ್ನೂ ಅಲ್ಲಿಯೇ ತಣ್ಣಗಾಗಿಸಿ. ಮಾವಿನ ಹೋಳುಗಳಿಗೆ ಒಂದು ಚಮಚ ನಿಂಬೆರಸ ಮತ್ತು ನಾಲ್ಕು ಚಮಚ ತಣ್ಣೀರು ಹಾಕಿ, ಬಿಟ್ಟು ಬಿಟ್ಟು ತಿರುಗಿಸುತ್ತ ಅರೆಗಟ್ಟಿ ಹದಕ್ಕೆ ತನ್ನಿ. ಅದನ್ನು ಲೋಟದ ಬದಿಗೆ ತಾಗದಂತೆ ನಡುವಿಗೆ ಇಳಿಸಿ, ಲೋಟವನ್ನು ಮೆಲ್ಲನೆ ತಟ್ಟಿ ಮೇಲ್ಮೈ ಸಮಮಾಡಿ, ಕಾಲು ಗಂಟೆ ಫ್ರೀಜರಿನಲ್ಲಿಡಿ. ಅನಾನಸ್ಸಿಗೆ ಚೆನ್ನಾಗಿ ಕಲಕಿದ ಗಟ್ಟಿ ಕಾಯಿಹಾಲು 100 ಮಿಲಿಲೀಟರ್ ಮತ್ತು ಒಂದು ಚಮಚ ಸಕ್ಕರೆ ಸೇರಿಸಿ ಹಾಗೆಯೇ ರುಬ್ಬಿ, ಚಮಚದ ಬೆನ್ನಿನ ಮೇಲೆ ಎರೆಯುತ್ತ ಮಾವಿನ ಪದರ ಕದಡದಂತೆ ಹರಡಿ, ಮತ್ತೆ ಕಾಲು ಗಂಟೆ ಇಡಿ. ಕೊನೆಯಲ್ಲಿ ಸೀಬೆಯ ಪದರ ಹಾಕಿ ಕೂಡಲೇ ಕೊಡಿ.’

ಇದರಲ್ಲಿ ‘ಎರೆ’ ಎಂಬುದನ್ನು ಬೇಕೆಂದೇ ಆರಿಸಿದ್ದೇನೆ. ‘ಸುರಿ’ ಎಂದರೆ ಒಮ್ಮೆಲೇ ಬೀಳುತ್ತದೆ, ‘ಹೊಯ್ಯಿ’ ಎಂದರೆ ಧಾರೆ ದಪ್ಪವಾಗುತ್ತದೆ, ‘ಬಗ್ಗಿಸು’ ಪಾತ್ರೆಯ ಕಡೆಗೆ ಗಮನ ಸೆಳೆಯುತ್ತದೆ. ಎರೆಯುವುದರಲ್ಲಿ ಮಾತ್ರ ಕೈಯ ಹಿಡಿತವಿದೆ. ಆದರೆ ಗುಡ್ಡೆಯಾಗಿ ನಿಲ್ಲುವಷ್ಟು ಮಂದವಾದದ್ದನ್ನು ಎರೆಯಬಹುದೇ, ಅಥವಾ ಮೊದಲ ಪದರಕ್ಕೆ ಹೇಳಿದಂತೆ ‘ಇಳಿಸಿ’ ಎಂದೇ ಎಲ್ಲ ಕಡೆಯೂ ಹೇಳಬೇಕೇ? ‘ಅರೆಗಟ್ಟಿ’ಗಿಂತ ಹಳೆಯದಾದ, ಆಡುಮಾತಿನಲ್ಲಿ ಈಗಾಗಲೇ ಇರುವ ಪದವೊಂದು ತಮ್ಮ ಕಡೆ ಇದ್ದರೆ, ಅದನ್ನು ಯಾವ ವಸ್ತುವಿನ ಬಗ್ಗೆ, ಎಂಥ ವಾಕ್ಯದಲ್ಲಿ ಬಳಸುತ್ತಾರೆಂಬ ಉದಾಹರಣೆಯೊಂದಿಗೆ ದಯವಿಟ್ಟು ತಿಳಿಸಿ.